ಮೇಲಿನ ಮನೆಯಾಕೆ, ಕೆಳಗಿನ ಮನೆಯಾಕೆ

ಮದುವೆಯಾದ ಮೇಲೆ ನಾನು ಬಂದು ಸೇರಿದ್ದು ಶಹಾಬಾದಿನ ಮೂರಂತಸ್ತಿನ ಕ್ವಾರ್ಟರ್ಸಿಗೆ. ನನ್ನ ಗಂಡನಿಗೆ ಸಿಮೆಂಟು ಕಾರ್ಖಾನೆಯಲ್ಲಿ ಕೆಲಸ. ಎದುರಿಗೇ ನಿಜಾಮರ ಕಾಲದ ಉದ್ಯಾನ: ಕಲ್ಲಿನ ಕಾರಂಜಿ, ಬೇವಿನ ಮರಗಳು, ಸಂಜೆ ಗಾಳಿಗೆ ಬಂದು ಕೂಡುವ ಊರ ಜನ.

ಒಂದು ಬೇಸಿಗೆ ಆಡಕಿಯಿಂದ ನಮ್ಮತ್ತೆ ಬಂದರು. "ಮಂದಿ ತಲಿ ಮ್ಯಾಲ ಹ್ಯಾಂಗ ಮಲಗತೀರವ್ವಾ ನೀವು?" ಎಂದು ಬಂದ ದಿನವೇ ಕೇಳಿದರು. ಬೆಳಗಾದರೆ ಅಂಗಳಕ್ಕೆ ನೀರು ಹಾಕದೆ ಅವರಿಗೆ ಚಹಾ ಇಳಿಯದು. ಅಂಗಳವೆಲ್ಲಿ? ಬಾಲ್ಕನಿಯೇ ಅಂಗಳವಾಯಿತು. ಅಲ್ಲಿ ಸುರಿದ ನೀರು ಇಳಿದು ಕೆಳಗಿನ ಮನೆಯವರು ಒಣಹಾಕಿದ ಬಟ್ಟೆಯ ಮೇಲೆ ಬೀಳುತ್ತಿತ್ತು.

ಆ ಮನೆಯ ಸೊಸೆ ನನ್ನ ವಯಸ್ಸಿನವಳೇ. ಮೆಟ್ಟಿಲು ಹತ್ತಿ ಬಂದಳು.

"ಅಕ್ಕಾ, ನಮ್ಮ ಅತ್ತಿ ಭಾಳ ಸಿಟ್ಟಿಗೆದ್ದಾರ. ಅವರ ನಮಾಜಿನ ದುಪಟ್ಟಾ ಮತ್ತ ತೊಯ್ದದ."

ಅತ್ತೆಗೆ ಹೇಳಿದೆ. "ನೀರೇನು ಮ್ಯಾಲ ಹೋಗತದೇನು? ಒಳಗ ಒಣಗಿಸಂತ ಹೇಳು ಆಕಿಗೆ," ಎಂದರು. ಆ ಮಾತಿಗೆ ಒಂದಿಷ್ಟು ಬೆಲ್ಲ ಸವರಿ ಕೆಳಗೆ ಒಯ್ದೆ. ಹೀಗೆ, ಒಬ್ಬರ ಮುಖ ಒಬ್ಬರು ನೋಡದೆಯೇ ಇಬ್ಬರು ಅತ್ತೆಯರು ಜಗಳಾಡಿದರು. ಹತ್ತಿ ಇಳಿದು ಕಾಲು ನೋಯಿಸಿಕೊಂಡವರು ನಾವು ಸೊಸೆಯರು.

ಸಂಜೆ ಮಾತ್ರ ಅತ್ತೆ ಖುಷಿಯಾಗಿರುತ್ತಿದ್ದರು. ಉದ್ಯಾನದಲ್ಲಿ ಒಬ್ಬ ಗೆಳತಿ ಸಿಕ್ಕಿದ್ದರಂತೆ. "ಪಾಪ, ಆಕಿಗೂ ನೆರೆಮನಿಯವರ ಕಾಟ ಅದಂತ," ಎಂದು ಮರುಗುತ್ತಿದ್ದರು.

ಒಂದು ಸಂಜೆ ಊರಿನಿಂದ ನಾದಿನಿ ಬಂದಳೆಂದು ಅತ್ತೆಯನ್ನು ಕರೆಯಲು ಹೊರಟೆ. ಕೆಳಗಿನ ಮನೆಯ ಸೊಸೆಯೂ ತನ್ನತ್ತೆಯನ್ನು ಹುಡುಕಿಕೊಂಡು ಜೊತೆಗೆ ಬಂದಳು. ಕಾರಂಜಿಯ ಕಟ್ಟೆಯ ಮೇಲೆ ಒಂದೇ ಎಲೆಯಡಿಕೆ ಚೀಲಕ್ಕೆ ಕೈಹಾಕಿ ಕುಳಿತಿದ್ದ ಇಬ್ಬರನ್ನೂ ಕಂಡು ನಾವು ನಿಂತೇಬಿಟ್ಟೆವು.

"ಅತ್ತಿ, ಇವರೇ ನಮ್ಮ ಕೆಳಗಿನ ಮನಿಯವರು," ಎಂದೆ.

ಗೆಳತಿ ಕಣ್ಣರಳಿಸಿದರು. "ಅಯ್ಯ, ನೀರು ಸುರಿಯಾಕಿ ನೀವೇನ್ರಿ?"

"ನಿಮ್ಮನ್ನ ನಿಮ್ಮ ಮುಂದೇ ಎಷ್ಟು ಬೈದೀನಲ್ರಿ!" ಎಂದ ಅತ್ತೆ ಸೆರಗು ಬಾಯಿಗೊತ್ತಿ ನಕ್ಕರು. ಆ ನಗು ಉಳಿದ ಮೂವರಿಗೂ ಹತ್ತಿತು.

ಮರುದಿನದಿಂದ ಅತ್ತೆ ಕೊಡ ಎತ್ತುವ ಮೊದಲು ಬಗ್ಗಿ ಕೂಗುತ್ತಿದ್ದರು: "ಅಕ್ಕಾ, ನೀರು ಬರ್ತಾವ ನೋಡ್ರಿ!" ಕೆಳಗಿನಿಂದ "ತಡೀರಿ, ತಡೀರಿ," ಎಂಬ ಉತ್ತರ.

ಆ ಬೇಸಿಗೆಯಲ್ಲೇ ಇಬ್ಬರೂ ಸೇರಿ ಉದ್ಯಾನದ ಕಲ್ಲುಹಾಸಿನ ಮೇಲೆ ಹಳೆಯ ಸೀರೆ ಹರವಿ ಸಂಡಿಗೆ ಇಟ್ಟರು. ಮಾಲಿ ಓಡಿಬಂದ. "ಇದು ಸರಕಾರಿ ಜಾಗಾರಿ, ಅಮ್ಮಾ!"

"ಒಣಗಿದ ಮ್ಯಾಲ ನಿನಗೂ ಕೊಡ್ತೀವಿ. ನೆಳ್ಳಾಗ ಕುಂತು ಕಾಗಿ ಓಡಸು," ಎಂದರು ಅತ್ತೆ.

ಅವನು ಕೋಲು ಹಿಡಿದು ಕುಳಿತ.