ನೋವಿರುವ ಕಾಲು

ದೊಡ್ಡಮ್ಮನ ಬಲಗಾಲಿನ ಮೇಲೆ, ಬೆರಳುಗಳಿಗಿಂತ ಸ್ವಲ್ಪ ಹಿಂದೆ, ಒಂದು ಸುಟ್ಟ ಕಲೆ ಇತ್ತು. ಕತ್ತರಿಸಿದ ಉಗುರಿನ ಹಾಗೆ ಬಾಗಿದ ಕಲೆ. ಅದರ ಮೇಲಿನ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಮಳೆಗಾಲದಲ್ಲಿ ಗದ್ದೆಯ ಕೆಸರಿನಲ್ಲಿ ದಿನವಿಡೀ ನಿಂತು ಬಂದರೆ ಬಿರಿಯುತ್ತಿತ್ತು. ಆಗ ಅವಳು ಒಲೆಯ ಮುಂದೆ ಕೂತು, ಬೆರಳ ತುದಿಯಲ್ಲಿ ತೆಂಗಿನೆಣ್ಣೆ ಅದ್ದಿ, ಮಗುವಿನ ನೆತ್ತಿ ಸವರುವವರ ಹಾಗೆ ಅದನ್ನು ಸವರುತ್ತಿದ್ದಳು. ಇದೇನೆಂದು ಕೇಳಿದವರಿಗೆಲ್ಲ ಮನೆಯವರದು ಒಂದೇ ಉತ್ತರ: ಗಂಜಿತಿಳಿ ಬಿದ್ದದ್ದು. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ.

ಅವಳು ನನ್ನ ಅಪ್ಪಯ್ಯನ ಅಣ್ಣನ ಹೆಂಡತಿ. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷದ ಬೇಸಗೆಯಲ್ಲಿ ನಾವುಂದದಿಂದ ಬಿಜೂರಿನ ನಮ್ಮ ಮನೆಗೆ ಮದುವೆಯಾಗಿ ಬಂದವಳು. ನಾನಾಗ ತೀರಾ ಚಿಕ್ಕವಳು. ದೊಡ್ಡಪ್ಪನ ಮುಖ ನನಗೆ ನೆನಪಿಲ್ಲ. ದೊಡ್ಡಮ್ಮನನ್ನು ಬಿಳಿ ಸೀರೆಯಲ್ಲಿ ಬಿಟ್ಟು ಬೇರೆ ಬಣ್ಣದಲ್ಲಿ ಕಂಡ ನೆನಪೂ ಇಲ್ಲ.

ಅವಳಿಗೆ ಎಡ ಬಲ ತಿಳಿಯುತ್ತಿರಲಿಲ್ಲ. ನಮ್ಮ ಕಡೆ ದಾರಿ ಹೇಳುವುದಕ್ಕೆ ಮೂಡು, ಪಡು, ಬಡಗು, ತೆಂಕು ಎನ್ನುವುದೇ ಹೆಚ್ಚು. ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ, ಇವೆರಡೂ ಜಾಗ ಬಿಟ್ಟು ಕದಲುವುದಿಲ್ಲ. ಹಾಗೆಂದು ಉಳಿದವರಿಗೆ ಎಡ ಬಲ ಬರುವುದಿಲ್ಲ ಎಂದಲ್ಲ. ಬೇಕಾದಾಗ ಅದನ್ನೂ ಹೇಳುತ್ತಾರೆ, ಇದನ್ನೂ ಹೇಳುತ್ತಾರೆ. ದೊಡ್ಡಮ್ಮನಿಗೆ ಇದ್ದದ್ದು ಮೊದಲನೆಯದು ಮಾತ್ರ. ಉಣ್ಣುವ ಕೈ ಯಾವುದೆಂದು ಅವಳ ಕೈಗೆ ಗೊತ್ತಿತ್ತು, ಆದರೆ ಅದಕ್ಕೇ ಬಲ ಎನ್ನುತ್ತಾರೆ ಎಂಬುದು ತಲೆಗೆ ಹೊಳೆಯುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಹಲ್ಲು ನೋವು ಬಂದರೆ, "ನಂಗೆ ತೆಂಕು ಬದಿ ಹಲ್ಲ್ ನೋವ್ ಕಾಣ್" ಎನ್ನುತ್ತಿದ್ದಳು. ನಾವು ಮಕ್ಕಳು ಅವಳ ಭುಜ ಹಿಡಿದು ಗರಗರ ತಿರುಗಿಸಿ, "ಈಗ ಯಾವ್ ಬದಿ ದೊಡ್ಡಮ್ಮ?" ಎಂದು ಕೇಳುತ್ತಿದ್ದೆವು. ಅವಳು ಒಂದು ಗಳಿಗೆ ನಿಂತು, ಕಡಲಿನ ಸದ್ದಿಗೆ ಕಿವಿಗೊಟ್ಟು, "ಈಗ ಬಡಗು ಬದಿ" ಎನ್ನುತ್ತಿದ್ದಳು. ನಾವು ಬಿದ್ದು ಬಿದ್ದು ನಗುತ್ತಿದ್ದೆವು, ಅವಳೂ ನಗುತ್ತಿದ್ದಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಇಂಥ ಹೊತ್ತಿನಲ್ಲಿ ಮಾತ್ರ.

ನನಗೂ ಅದೇ ತೊಂದರೆ. ಶಾಲೆಯಲ್ಲಿ ಡ್ರಿಲ್ ಮಾಡಿಸುವ ಮೇಷ್ಟ್ರು ಎಡಕ್ಕೆ ತಿರುಗು ಎಂದರೆ ನಾನು ಪಕ್ಕದವಳಿಗೆ ಮುಖ ಕೊಟ್ಟು ನಿಂತಿರುತ್ತಿದ್ದೆ. ಮೀನಖಂಡದ ಮೇಲೆ ಬೆತ್ತದ ಬರೆ ಹೊತ್ತು ಮನೆಗೆ ಬಂದ ದಿನ ಅಜ್ಜಿ, ಅಂದರೆ ಅಪ್ಪಯ್ಯನ ತಾಯಿ, "ದೊಡ್ಡಮ್ಮನ ಸೆರಗ್ ಹಿಡ್ಕಂಡ್ ತಿರ್ಗೂದಲ್ದಾ, ಅದೇ ಬಂತ್" ಎಂದಳು. ಬರೆಗೆ ಎಣ್ಣೆ ಹಚ್ಚುತ್ತಿದ್ದ ದೊಡ್ಡಮ್ಮನ ಬೆರಳು ಅಲ್ಲಿಯೇ ನಿಂತಿತು. ಆಮೇಲೆ ಮತ್ತೆ ಹಚ್ಚತೊಡಗಿತು.

ಅಜ್ಜಿಯ ಮಾತಿನ ಹಿಂದೆ ಇಡೀ ಊರಿಗೇ ಗೊತ್ತಿದ್ದ ಒಂದು ಕತೆ ಇತ್ತು. ಹೊಸ ಸೊಸೆ ಬಲಗಾಲಿಟ್ಟು ಹೊಸ್ತಿಲು ದಾಟಬೇಕಲ್ಲ, ಮಗಳ ಕಷ್ಟ ಗೊತ್ತಿದ್ದ ದೊಡ್ಡಮ್ಮನ ತಾಯಿ ಮದುವೆಗೆ ಮುಂಚೆ ತಮ್ಮ ಮನೆಯ ಬಾಗಿಲಲ್ಲೇ ಅವಳಿಗೆ ಅಭ್ಯಾಸ ಮಾಡಿಸಿದ್ದರಂತೆ. ಬಲ ಎಂದರೆ ತಿಳಿಯದು ಎಂದು, "ಬಡಗು ಬದಿ ಕಾಲ್ ಮುಂದ್ ಹಾಕ್" ಎಂದೇ ಕಲಿಸಿದ್ದರು. ಅವರ ಮನೆಗೆ ಮೂಡಣ ಬಾಗಿಲು. ಪಡುವಣಕ್ಕೆ ಮುಖ ಮಾಡಿ ಒಳಗೆ ಹೋಗುವವರಿಗೆ ಬಡಗು ಬದಿಯದು ಬಲಗಾಲೇ. ಆದರೆ ನಮ್ಮ ಮನೆಗೆ, ಗದ್ದೆ ಬಯಲು ಕಾಣಲಿ ಎಂದು ಹಿಂದಿನವರು ಪಡುವಣ ಬಾಗಿಲು ಇಟ್ಟಿದ್ದರು. ಆ ತಾಯಿಗೆ ಇದು ಹೊಳೆಯಲಿಲ್ಲ. ದೊಡ್ಡಮ್ಮ ತಲೆತಗ್ಗಿಸಿ, ಕಲಿಸಿದ್ದನ್ನು ಒಂದಿಷ್ಟೂ ತಪ್ಪದೆ, ಬಡಗು ಬದಿಯ ಕಾಲನ್ನು ಒಳಗಿಟ್ಟಳು. ಅದು ಎಡಗಾಲಾಗಿತ್ತು.

ಸುತ್ತ ನಿಂತ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರಂತೆ. ಹೊರಗೆ ಹೋಗಿ ಮತ್ತೆ ಬಾ ಎಂದರೆ ಅದಿನ್ನೂ ಕೆಟ್ಟದ್ದು. ಮಾರನೆಯ ದಿನದಿಂದ ಬಾವಿಕಟ್ಟೆಯಲ್ಲಿ ಅವಳಿಗೆ ಹೊಸ ಹೆಸರು, ಎಡಗಾಲಿನವಳು. ದೊಡ್ಡಪ್ಪ ಮಾತ್ರ ನಕ್ಕು, "ಕಾಲ್ ಯಾವ್ದಾರ್ ಎಂತ, ಮನಿ ಒಳಗ್ ಬಂತಲ್ದಾ" ಎಂದಿದ್ದನಂತೆ. ಆ ವರ್ಷದ ಮಳೆಗಾಲದಲ್ಲಿ, ನಾಟಿಯ ಹೊತ್ತಿಗೆ, ಗದ್ದೆಯ ಅಂಚಿನಲ್ಲಿ ಹಾವು ಕಚ್ಚಿ ಅವನು ಸತ್ತ. ಮತ್ತೆ ಕೇಳಬೇಕೆ. ಕಚ್ಚಿದ್ದು ಹಾವಲ್ಲ, ಆ ಎಡಗಾಲು ಎಂದು ಊರೇ ತೀರ್ಮಾನ ಮಾಡಿತು.

ತವರಿನಿಂದ ಕರೆಯಲು ಬಂದಿದ್ದರು. ಅವಳು ಹೋಗಲಿಲ್ಲ. ನಮ್ಮ ಮನೆಯಲ್ಲೇ ಉಳಿದು, ನಸುಕಿನಲ್ಲಿ ಕೊಟ್ಟಿಗೆ ಬಾಚುವುದರಿಂದ ಹಿಡಿದು ರಾತ್ರಿ ಕೊನೆಯ ಪಾತ್ರೆ ತೊಳೆಯುವವರೆಗೆ ದುಡಿದಳು. ಮುಂಬಾಗಿಲಿನಲ್ಲಿ ಅವಳು ಓಡಾಡಿದ್ದನ್ನು ನಾನು ಕಂಡೇ ಇಲ್ಲ. ಹಿತ್ತಿಲ ಬಾಗಿಲೇ ಅವಳ ಬಾಗಿಲು. ಇಷ್ಟನ್ನೆಲ್ಲ ಏಕೆ ಸಹಿಸುತ್ತಾಳೆ ಎಂದು ಬುದ್ಧಿ ಬಂದ ಮೇಲೆ ನನಗೆ ಅವಳ ಮೇಲೆಯೇ ಸಿಟ್ಟು ಬರುತ್ತಿತ್ತು. ಯಾರು ಎಡಗಾಲಿನ ಮಾತು ಎತ್ತಿದರೂ ಒಂದು ಮಾತು ತಿರುಗಿ ಆಡುತ್ತಿರಲಿಲ್ಲ.

ಅಜ್ಜಿಗೆ ವಯಸ್ಸಾಗಿ ಕಣ್ಣಿಗೆ ಪೊರೆ ಬಂದು ಏನೂ ಕಾಣದಾಯಿತು. ಅವಳನ್ನು ಬಚ್ಚಲಿಗೆ ಕರೆದೊಯ್ಯುವುದು, ಉಣ್ಣಿಸುವುದು, ಎಲ್ಲ ದೊಡ್ಡಮ್ಮನದೇ. "ಇನ್ ಪಡು ಬದಿ ತಿರ್ಗಿ ಅತ್ತೆ, ಮೆಟ್ಲ್ ಇತ್ತ್" ಎಂದು ಹೇಳಿಕೊಂಡು ನಡೆಸುತ್ತಿದ್ದಳು. ಒಂದು ಮಧ್ಯಾಹ್ನ ಅಜ್ಜಿ ಹಿತ್ತಿಲ ಜಗಲಿಯಲ್ಲಿ ಕೂತು ಕೈಯಿಂದ ಜಾರಿದ ಅಡಿಕೆ ಹೋಳನ್ನು ನೆಲದ ಮೇಲೆ ತಡಕುತ್ತಿದ್ದಳು. ದೊಡ್ಡಮ್ಮ ಅಲ್ಲೇ ಕೂತು ಸೊಪ್ಪು ಸೋಸುತ್ತಿದ್ದಳು. ನಾನು ಕಂಬಕ್ಕೆ ಒರಗಿ ಹೂ ಕಟ್ಟುತ್ತಿದ್ದೆ. ಅಜ್ಜಿಯ ಕೈ ದೊಡ್ಡಮ್ಮನ ಕಾಲಿನ ಕಲೆಯ ಮೇಲೆ ಬಿತ್ತು. ಅಲ್ಲೇ ನಿಂತಿತು. ಬೆರಳುಗಳು ಕಲೆಯ ಅಂಚಿನ ಸುತ್ತ ಒಮ್ಮೆ ಹೋಗಿ, ಹೆಬ್ಬೆರಳನ್ನು ಹುಡುಕಿ ಹಿಡಿದವು.

"ಇದ್ ಯಾವ್ ಕಾಲ್ ಹೆಣೆ?"

ದೊಡ್ಡಮ್ಮ ತನ್ನ ಉಣ್ಣುವ ಕೈಯನ್ನೊಮ್ಮೆ ನೋಡಿಕೊಂಡಳು. "ಬಲಗಾಲ್ ಅತ್ತೆ."

"ನಾನ್ ಅವತ್ತ್ ಎಡಗಾಲ್ ಚಾಚುಕೆ ಹೇಳಿದ್ದಲ್ದಾ?"

"ಹೌದ್ ಅತ್ತೆ. ನಂಗೆ ಗೊತ್ತಾಯ್ಲಿಲ್ಲ."

ಅಜ್ಜಿ ಕೈ ತೆಗೆದುಕೊಂಡಳು. ಆ ದಿನ ಎಲೆ ಅಡಿಕೆ ಹಾಕಲಿಲ್ಲ. ಗಂಜಿತಿಳಿಯ ಕತೆ ನನ್ನ ಪಾಲಿಗೆ ಅಲ್ಲಿಗೆ ಮುಗಿಯಿತು. ಉಳಿದದ್ದನ್ನು ಅಮ್ಮನನ್ನು ಕಾಡಿ ಕೇಳಿ ತಿಳಿದೆ. ದೊಡ್ಡಪ್ಪನ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮಾರನೆಯ ದಿನ ಅಜ್ಜಿ ಒಲೆಯಲ್ಲಿ ಕಬ್ಬಿಣದ ಸಟ್ಟುಗ ಕಾಯಿಸಿ, ಮಗನನ್ನು ತಿಂದ ಕಾಲನ್ನು ಚಾಚು ಎಂದಿದ್ದಳು. ಇವಳು ಚಾಚಿದ್ದು ಬೇರೆ ಕಾಲು. ಮಗ ಹೋದ ಸಂಕಟದಲ್ಲಿ ಅಜ್ಜಿ ನೋಡಲಿಲ್ಲ. ಇಷ್ಟು ವರ್ಷವೂ ಯಾರೂ ನೋಡಿರಲಿಲ್ಲ. ಅಜ್ಜಿಯನ್ನು ಕೆಟ್ಟವಳು ಎಂದು ಬರೆದುಬಿಡುವುದು ಸುಲಭ. ನನಗೆ ಕತೆ ಹೇಳಿ ಮಲಗಿಸುತ್ತಿದ್ದದ್ದೂ ಅದೇ ಕೈ. ಆದರೂ ಅವತ್ತಿನಿಂದ ಅವಳ ಪಕ್ಕ ಮಲಗಲು ನನ್ನಿಂದ ಆಗಲಿಲ್ಲ.

ಅಜ್ಜಿ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ನನಗೆ ಬ್ರಹ್ಮಾವರದ ಕಡೆ ಗಂಡು ಗೊತ್ತಾಯಿತು. ಮದುವೆ ಹತ್ತಿರ ಬಂದಂತೆ ಎಲ್ಲರಿಗೂ ಒಂದೇ ಚಿಂತೆ, ಇವಳು ಹೊಸ್ತಿಲಲ್ಲಿ ಏನು ಮಾಡುತ್ತಾಳೋ. ನಗುತ್ತಲೇ ಕೇಳುತ್ತಿದ್ದರು, ಆದರೆ ಎಲ್ಲರ ಕಣ್ಣೂ ಹಿತ್ತಿಲ ಕಡೆ ಹೊರಳುತ್ತಿತ್ತು. ನನಗೆ ಊಟ ಸೇರುತ್ತಿರಲಿಲ್ಲ. ಮದುವೆಯ ಹಿಂದಿನ ದಿನ ಮಧ್ಯಾಹ್ನ, ಮುಂದಿನ ಅಂಗಳದಲ್ಲಿ ಚಪ್ಪರದ ಗದ್ದಲ ನಡೆದಿರುವಾಗ, ನಾನು ಹಿತ್ತಿಲ ಜಗಲಿಗೆ ಹೋಗಿ ದೊಡ್ಡಮ್ಮನ ಪಕ್ಕ ಕೂತೆ. ಮಾರನೆಯ ದಿನ ಅವಳು ಚಪ್ಪರಕ್ಕೆ ಬರುವಂತಿರಲಿಲ್ಲ. ಅವಳು ತೆಂಗಿನ ಸಿಪ್ಪೆಯಿಂದ ನಾರು ಎಳೆಯುತ್ತಿದ್ದಳು.

"ಕಾಲಿಂದ ಯಾರೂ ಸಾಯುದಿಲ್ಲೆ ದೊಡ್ಡಮ್ಮ," ಎಂದೆ. ಅವಳಿಗೆ ಸಮಾಧಾನ ಹೇಳಿದೆನೋ ನನಗೆ ನಾನೇ ಹೇಳಿಕೊಂಡೆನೋ ತಿಳಿಯದು.

"ಅದ್ ನಂಗೊತ್ತಿತ್ತ್ ಮಗಾ," ಎಂದಳು. "ಅವ್ರ್ ಕಾಲಿಂದ ಸತ್ತದ್ದಲ್ಲ. ದಾರಿ ತಪ್ಪಿ ಸತ್ತದ್ದ್."

ನಾರು ಎಳೆಯುತ್ತಲೇ ಹೇಳಿದಳು. ಹಾವು ಕಚ್ಚಿದ ಹೊತ್ತಿಗೆ ಅಪ್ಪಯ್ಯ ಕುಂದಾಪುರಕ್ಕೆ ಹೋಗಿದ್ದರು. ಆಳುಗಳು ದೊಡ್ಡಪ್ಪನನ್ನು ಹೊತ್ತು ತಂದರು. ಓಡಬಲ್ಲವಳು ಇವಳೇ ಎಂದು ಅಜ್ಜಿ ವಿಷಕ್ಕೆ ಮದ್ದು ಕೊಡುವ ಪಂಡಿತರನ್ನು ಕರೆತರಲು ಇವಳನ್ನು ಓಡಿಸಿದಳು. ಹುಟ್ಟಿದಾಗಿನಿಂದ ಮೂಡು ಪಡು ಎನ್ನುತ್ತಿದ್ದ ಅಜ್ಜಿಯ ಬಾಯಲ್ಲಿ, ಆ ಗಾಬರಿಯಲ್ಲಿ ಬಂದದ್ದು, "ಸಂಕ ದಾಟಿ ಬಲಕ್ ತಿರ್ಗ್" ಎಂದು.

"ಬಲ ಅಂದ್ರೆ ಯಾವ್ ಬದಿ ಅಂದ್ ಕೇಂಬುಕೆ ಬಾಯ್ ತನಕ ಬಂತ್. ಕೇಂಬುಕೆ ಆಯ್ಲಿಲ್ಲ. ಆಗ್ಳೇ ಎಲ್ರೂ ಎಡಗಾಲಿನವ್ಳ್ ಅಂತಿದ್ರ್. ಈಗ ಇದನ್ನೂ ಕೇಂಡ್ರೆ ಎಂತ ಹೇಳ್ತ್ರೋ ಅಂದ್ಹೇಳಿ ಹಾಂಗೇ ಓಡ್ದೆ."

ತೋಡಿನ ಮೇಲೆ ಅಡ್ಡ ಹಾಕಿದ ಮರದ ಸಂಕ ದಾಟಿ ಅವಳು ಒಂದು ಕಡೆ ತಿರುಗಿದಳು. ಬಯಲು ಮುಗಿದು ಹೊಳೆ ಸಿಕ್ಕಿತು. ಮನೆಯಿಲ್ಲ, ಜನವಿಲ್ಲ, ಕೆಂಪು ನೀರು ದಡ ಮೀರಿ ಹರಿಯುತ್ತಿತ್ತು. ಅದೇ ದಾರಿಯಲ್ಲಿ ಹಿಂದೆ ಓಡಿ, ಸಂಕದ ಬಳಿ ಇನ್ನೊಂದು ಬದಿಗೆ ತಿರುಗಿ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಇದ್ದ ಪಂಡಿತರ ಮನೆ ಮುಟ್ಟಿದಳು. ಅವರನ್ನು ಕರೆದುಕೊಂಡು ಬರುವಾಗ ಮನೆಯ ಅಳು ಗದ್ದೆಯವರೆಗೆ ಕೇಳುತ್ತಿತ್ತು.

"ಮನೆಯವ್ರಿಗೆ ಹೇಳ್ಲಿಲ್ಯಾ?"

"ಯಾರೂ ಕೇಣ್ಲಿಲ್ಲ. ಅವ್ರಿಗೆಲ್ಲ ಕಾಲೇ ಸಾಕಾಯ್ತ್. ಸಟ್ಗ ಇಡುವತ್ತಿಗೆ ನಾನ್ ಕೂಗ್ಲೂ ಇಲ್ಲ. ದಾರಿ ತಪ್ಪಿದ್ದಕ್ಕೆ ಅಂದ್ ತಿಳ್ಕಂಡೆ."

ಪಂಡಿತರು ಬೇಗ ಬಂದಿದ್ದರೆ ದೊಡ್ಡಪ್ಪ ಉಳಿಯುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಉಳಿಯುತ್ತಿರಲಿಲ್ಲ ಎಂದು ಅವಳಿಗೆ ಹೇಳಲು ನನ್ನ ಬಳಿ ಏನೂ ಆಧಾರವಿರಲಿಲ್ಲ, ಹೇಳಿದರೆ ಅವಳು ನಂಬುತ್ತಲೂ ಇರಲಿಲ್ಲ. ಆದರೆ ಒಂದು ಮಾತು ಆವತ್ತೂ ನನಗೆ ಅನಿಸಿತ್ತು, ಇವತ್ತೂ ಅನಿಸುತ್ತದೆ. ಹೊಸ್ತಿಲಿನಲ್ಲಿ ಅಷ್ಟು ಜನ ಸೇರಿ ಅವಳ ಬಾಯಿ ಕಟ್ಟದೇ ಇದ್ದಿದ್ದರೆ ಅವಳು ಆ ಒಂದು ಪ್ರಶ್ನೆ ಕೇಳಿಯೇ ಓಡುತ್ತಿದ್ದಳು.

ಅವಳು ಎಳೆದಿಟ್ಟ ನಾರಿನಲ್ಲಿ ಒಂದು ಎಳೆ ಆರಿಸಿ, ನನ್ನ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ತನ್ನ ಕಲೆಯ ಕಾಲನ್ನೂ ನನ್ನ ಕಾಲನ್ನೂ ಪಕ್ಕಪಕ್ಕ ಇಟ್ಟು ನೋಡಿ ಖಾತ್ರಿ ಮಾಡಿಕೊಂಡಳು. ಆಮೇಲೆ ನನ್ನ ಬಲಗಾಲಿನ ಹೆಬ್ಬೆರಳ ಬುಡಕ್ಕೆ ನಾರನ್ನು ಸುತ್ತಿ ಬಿಗಿದು ಗಂಟು ಹಾಕಿದಳು. ನೋವಿಗೆ ನಾನು ಕಾಲು ಎಳೆದುಕೊಂಡೆ.

"ಸಡ್ಲ ಮಾಡ್ಬೇಡ," ಎಂದಳು. "ಎಡ ಬಲ ಮರ್ತ್ ಹೋಯ್ಲಿ. ನೋವ್ ಇಪ್ಪ ಕಾಲ್ ಮುಂದ್ ಹಾಕ್, ಸಾಕ್."

ಮರುದಿನ ಬ್ರಹ್ಮಾವರದ ಮನೆಯ ಹೊಸ್ತಿಲಲ್ಲಿ ನಿಂತಾಗ ಸುತ್ತ ಎಷ್ಟೋ ಜೊತೆ ಕಣ್ಣು ಸೀರೆಯ ಅಂಚನ್ನೇ ನೋಡುತ್ತಿದ್ದವು. ಯಾರೋ ಬಲಗಾಲು, ಬಲಗಾಲು ಎಂದರು. ಆ ಮಾತು ನನ್ನ ತಲೆಯೊಳಗೆ ಹೋಗಲೇ ಇಲ್ಲ. ಬೆರಳು ಬಾತು ಸಿಡಿಯುತ್ತಿತ್ತು. ಆ ಕಾಲನ್ನೇ ಎತ್ತಿ ಒಳಗಿಟ್ಟೆ. ಯಾರೂ ಏನೂ ಅನ್ನಲಿಲ್ಲ. ಮುಂದೆ ಆ ಮನೆಯಲ್ಲಿ ಕಾಯಿಲೆ ಬಂತು, ಸಾವೂ ಬಂತು, ಯಾವುದನ್ನೂ ಯಾರೂ ನನ್ನ ಕಾಲಿಗೆ ಕಟ್ಟಲಿಲ್ಲ. ದೊಡ್ಡಮ್ಮ ನನಗೆ ಕೊಟ್ಟದ್ದು ಅಷ್ಟು. ಅದಕ್ಕಿಂತ ದೊಡ್ಡದನ್ನು ನನಗೆ ಬೇರೆ ಯಾರೂ ಕೊಟ್ಟಿಲ್ಲ. ಈಗಲೂ ಯಾರಾದರೂ ಎಡಕ್ಕೆ ಹೋಗು, ಬಲಕ್ಕೆ ಹೋಗು ಎಂದರೆ ನನ್ನ ಹೆಬ್ಬೆರಳು ಚಪ್ಪಲಿಯೊಳಗೆ ಮಡಚಿಕೊಳ್ಳುತ್ತದೆ. ಆಮೇಲೆ ನಾಚಿಕೆ ಬಿಟ್ಟು ಇನ್ನೊಮ್ಮೆ ಕೇಳುತ್ತೇನೆ.

ನನ್ನ ಮದುವೆಯ ನಂತರ ಅವಳು ಹೆಚ್ಚು ಕಾಲ ಬದುಕಲಿಲ್ಲ. ಮಳೆಗಾಲದ ಜ್ವರ ಎಂದರು. ಸುದ್ದಿ ತಿಳಿದು ನಾನು ಬಸ್ಸು ಹಿಡಿದು ಬರುವಷ್ಟರಲ್ಲಿ ಅವಳನ್ನು ತೆಂಕು ದಿಕ್ಕಿಗೆ ತಲೆ ಮಾಡಿ ಚಾವಡಿಯಲ್ಲಿ ಮಲಗಿಸಿದ್ದರು. ಅಷ್ಟು ವರ್ಷ ಹಿತ್ತಿಲಲ್ಲಿದ್ದವಳು ಮನೆಯ ಮುಂಭಾಗಕ್ಕೆ ಬಂದದ್ದು ಅವತ್ತು. ನಾನು ಕಾಲಿನ ಕಡೆ ಕೂತು ಬಟ್ಟೆ ಸರಿಸಿದೆ. ಕಲೆ ಬಿರಿದಿತ್ತು. ಯಾರೂ ಎಣ್ಣೆ ಹಚ್ಚಿರಲಿಲ್ಲ. ಪದ್ಧತಿಯ ಹಾಗೆ ಎರಡೂ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ನಾರಿನಿಂದ ಕಟ್ಟಿದ್ದರು.

ಗಂಡಸರು ಅವಳನ್ನು ಎತ್ತಿಕೊಂಡು ಮುಂಬಾಗಿಲಿನಿಂದ, ಕಾಲು ಮುಂದೆ ಮಾಡಿ, ಹೊರಗೆ ಒಯ್ದರು. ಕಟ್ಟಿದ ಕಾಲೆರಡೂ ಒಟ್ಟಿಗೇ ಹೊಸ್ತಿಲು ದಾಟಿದವು. ಅಲ್ಲಿ ಸೇರಿದ್ದವರಲ್ಲಿ ಯಾರೂ ಅವಳ ಕಾಲು ನೋಡಲಿಲ್ಲ.