ಜಿರಾಯರ್ ಮೇಷ್ಟ್ರ ಮನೆಗೆ ಬಂದ ಎದುರಾಳಿ

ಏಯ್, ರಸ್ತೆಯಾಚೆ ಬ್ರೆಡ್ ಅಂಗಡಿ ಮುಂದೆ ನಿಂತಿರೋರೇ, ಇತ್ಲಾಗೆ ಸ್ವಲ್ಪ ಕಿವಿ ಕೊಡ್ರಪ್ಪಾ! ಟ್ಯಾಕ್ಸಿ ಒಳಗೆ ಕೂತು ಸೂರ್ಯಕಾಂತಿ ಬೀಜದ ಸಿಪ್ಪೆ ಉಗೀತಿರೋ ಸುರೇನ್, ಆ ಹಾಡಿನ ಸದ್ದು ಕಮ್ಮಿ ಮಾಡೋ. ನಮ್ಮ ಜಿರಾಯರ್ ಮೇಷ್ಟ್ರ ವಿಷಯ ನೀವೆಲ್ಲ ಅರ್ಧಂಬರ್ಧ ಕೇಳಿರ್ತೀರಿ. ಪೂರ್ತಿ ನಾನು ಹೇಳ್ತೀನಿ.

ಮೇಷ್ಟ್ರು ಚೆಸ್ ಕಲಿತದ್ದು ಬುದ್ಧಿ ಬೆಳೆಯಲಿ ಎಂದಲ್ಲ, ಮೈ ಬೆಚ್ಚಗಿರಲಿ ಎಂದು. ಭೂಕಂಪದಲ್ಲಿ ನಮ್ಮೂರು ಗ್ಯುಮ್ರಿ ಕುಸಿದಾಗ ಅವರಿಗೆ ನಾಲ್ಕು ವರ್ಷ. ಆಮೇಲೆ ತಾಯಿ ವಾರ್ಸೆನಿಕ್ ಜೊತೆ ತಗಡಿನ ಡಬ್ಬಿಯಂಥ ಮನೆಯಲ್ಲಿ ವರ್ಷಗಟ್ಟಲೆ ಬದುಕಿದರು. ಕರೆಂಟಿಲ್ಲ, ಸೌದೆಯಿಲ್ಲ. ಪಕ್ಕದ ಡಬ್ಬಿಯಲ್ಲಿದ್ದ ಕ್ಷೌರಿಕ ಹ್ಮಾಯಾಕ್ ಮಾಮನ ಹತ್ತಿರ ಮಾತ್ರ ಒಂದು ಒಲೆಯಿತ್ತು, ಒಂದು ಚೆಸ್ ಹಲಗೆಯೂ ಇತ್ತು. ಒಲೆಯ ಪಕ್ಕ ಕೂರಬೇಕಾದರೆ ಆಡಬೇಕು. ಸೋತವನು ಎದ್ದು ಗಾಳಿ ನುಗ್ಗುವ ಬಾಗಿಲ ಕಡೆ ಹೋಗಬೇಕು. ಆಟ ಡ್ರಾ ಆದರೆ ಇಬ್ಬರೂ ಒಲೆಯ ಪಕ್ಕದಲ್ಲೇ. ಪುಟ್ಟ ಜಿರಾಯರ್ ಬೇಗನೆ ಕಲಿತದ್ದು ಗೆಲ್ಲುವುದನ್ನಲ್ಲ, ಸೋಲದಿರುವುದನ್ನು.

ಅದೇ ಅವರನ್ನು ಮೇಲೆತ್ತಿತು, ಅದೇ ಕಾಲು ಹಿಡಿದು ಎಳೆಯಿತು ಕೂಡ. ಗ್ರ್ಯಾಂಡ್‌ಮಾಸ್ಟರ್ ಆಗಲು ಮೂರು ದೊಡ್ಡ ಪಂದ್ಯಾವಳಿಗಳಲ್ಲಿ ತಕ್ಕಷ್ಟು ಅಂಕ ಬರಬೇಕು. ಯೆರೆವಾನಿನಲ್ಲಿ ಒಮ್ಮೆ ಬಂತು, ವಾರ್ಸಾದಲ್ಲಿ ಇನ್ನೊಮ್ಮೆ. ಆಗಿನ್ನೂ ಮೀಸೆ ಸರಿಯಾಗಿ ಬಲಿತಿರಲಿಲ್ಲ. ಮೂರನೆಯದು ಮಾತ್ರ ಕೈಗೆ ಹತ್ತಲೇ ಇಲ್ಲ. ಪ್ರತಿ ಸಲವೂ ಗೆಲ್ಲಲೇಬೇಕಾದ ಆಟದಲ್ಲಿ ಅವರ ಕೈ ತಾನಾಗಿಯೇ ಎದುರಾಳಿಯತ್ತ ಚಾಚಿ ಡ್ರಾ ಕೇಳಿಬಿಡುತ್ತಿತ್ತು. ಕೊನೆಗೆ ಶಾಲೆಯಲ್ಲಿ ಚೆಸ್ ಮೇಷ್ಟ್ರಾದರು. ನಾವೆಲ್ಲ ಅವರ ಕೈಯಲ್ಲೇ ಕಲಿತವರು. "ರಾಜ ಮನೇಲಿರ್ಬೇಕು, ಬೀದಿ ಸುತ್ತಬಾರ್ದು" ಎಂದು ಮೂರನೇ ಕ್ಲಾಸಿನಲ್ಲಿ ಅವರಿಂದ ಬೈಸಿಕೊಳ್ಳದವರು ನಮ್ಮ ಬಡಾವಣೆಯಲ್ಲಿ ಯಾರೂ ಇಲ್ಲ. ನಲವತ್ತು ತುಂಬಿದ ಮೇಲೂ ಊರವರು ಅವರನ್ನು ಕರೆಯುವುದು "ನಮ್ಮ ಮುಕ್ಕಾಲು ಗ್ರ್ಯಾಂಡ್‌ಮಾಸ್ಟರ್" ಎಂದೇ.

ಈ ಸಲ ಪಂದ್ಯಾವಳಿ ನಮ್ಮೂರಲ್ಲೇ ನಡೆಯಿತು. ಆಟಗಾರರು ಇಳಿದುಕೊಂಡಿದ್ದ ವಸತಿಗೃಹದ ಹೀಟರ್ ಕೆಟ್ಟಿತು. ಊರವರು ಮನೆಗೊಬ್ಬರಂತೆ ಅವರನ್ನು ಕರೆದುಕೊಂಡು ಹೋದರು. ಮೇಷ್ಟ್ರ ತಾಯಿ ವಾರ್ಸೆನಿಕ್ ಅಜ್ಜಿಯ ಪಾಲಿಗೆ ಬಂದವನು ಕಜಕ್ ನಾಡಿನ ಅಲ್ಮಾಟಿಯ ಯೆರಾಸಿಲ್. ಇಪ್ಪತ್ತರ ಹುಡುಗ, ಆಗಲೇ ಗ್ರ್ಯಾಂಡ್‌ಮಾಸ್ಟರ್. ಬಂದವನೇ ಅಜ್ಜಿಯನ್ನು ತಮ್ಮ ಕಡೆಯ ರೂಢಿಯಂತೆ "ಅಪಾ", ಅಂದರೆ ಅಜ್ಜಿ, ಎಂದು ಕರೆದ. ಅಷ್ಟು ಸಾಕಾಯಿತು. ಮೇಷ್ಟ್ರ ಮಂಚ ಅವನಿಗೆ, ಮೇಷ್ಟ್ರಿಗೆ ಸೋಫಾ.

ಮೇಷ್ಟ್ರು ಈ ಸಲ ಅಚ್ಚರಿ ಪಡುವಷ್ಟು ಚೆನ್ನಾಗಿ ಆಡಿದರು. ಉಳಿದದ್ದು ಒಂದೇ ಸುತ್ತು. ಅದನ್ನು ಗೆದ್ದರೆ ಮೂರನೆಯದೂ ಕೈಗೆ ಬಂದಂತೆ. ಡ್ರಾ ಆದರೆ ಇಲ್ಲ. ಮೊನ್ನೆ ಸಂಜೆ ಕೊನೆಯ ಸುತ್ತಿನ ಜೋಡಿಗಳನ್ನು ಗೋಡೆಗೆ ಅಂಟಿಸಿದರು. ಜಿರಾಯರ್ ಎದುರಿಗೆ ಯೆರಾಸಿಲ್.

ಮೇಷ್ಟ್ರು ಮನೆಗೆ ಬಂದು ನೋಡಿದರೆ ಯೆರಾಸಿಲ್ ಜ್ವರದಿಂದ ನಡುಗುತ್ತಾ ಮಲಗಿದ್ದ.

"ಅಣ್ಣಾ, ನಾಳೆ ನಾನು ಆಡಲ್ಲ. ಆಟ ಬಿಟ್ಟುಬಿಡ್ತೀನಿ, ನೀವು ಗೆದ್ದ ಹಾಗೆ" ಎಂದ.

ಮೇಷ್ಟ್ರು ಗಾಬರಿಯಿಂದ ಮಂಚದ ಅಂಚಿನಲ್ಲಿ ಕೂತರು. "ಹಾಗನ್ಬೇಡ ಮಾರಾಯ! ನೀನು ಬರದೇ ಸಿಕ್ಕಿದ ಗೆಲುವು ಪಟ್ಟಕ್ಕೆ ಲೆಕ್ಕಕ್ಕೇ ಬರಲ್ಲ. ನೀನು ಎದುರಿಗೆ ಕೂರ್ಬೇಕು, ನಾನು ಆಡಿ ಗೆಲ್ಬೇಕು."

ಅಲ್ಲಿಂದ ಶುರುವಾಯಿತು ನೋಡಿ ಮೆಟ್ಟಿಲು ಮೆಟ್ಟಿಲಲ್ಲಿ ಓಡಾಟ. ಕೆಳಗಿನ ಮನೆಯಿಂದ ರಾಸ್‌ಬೆರಿ ಜಾಮು ಬಂತು, ಮೇಲಿನ ಮನೆಯಿಂದ ಉಣ್ಣೆಯ ಕಾಲುಚೀಲ. ಅಜ್ಜಿ ಮಲ್ಬೆರಿ ವೋಡ್ಕಾ ತಂದು ಹುಡುಗನ ಬೆನ್ನು ಕೆಂಪಾಗುವವರೆಗೆ ತಿಕ್ಕಿದಳು. ಒಲೆಯ ಮೇಲೆ ಮೊಸರು, ಗೋಧಿ, ಪುದೀನ ಹಾಕಿದ ಸೂಪು ಕುದಿಯಿತು. ತಮ್ಮ ಮೇಷ್ಟ್ರು ಸೋಲಿಸಲಿ ಎಂದು ಇಡೀ ಕಟ್ಟಡ ಸೇರಿ ಎದುರಾಳಿಯ ಆರೈಕೆ ಮಾಡಿತು.

"ಕುರೀನ ಹಬ್ಬಕ್ಕೆ ಮುಂಚೆ ಹಿಂಗೇ ಮೇಯಿಸ್ತಾರೆ ಕಣಪ್ಪಾ ಕಜಕ್" ಎನ್ನುತ್ತಾ ಹ್ಮಾಯಾಕ್ ಮಾಮ ಒಳಗೆ ಬಂದ. ಈಗ ಅವನಿಗೆ ಎಂಬತ್ತು ದಾಟಿದೆ, ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ.

ಯೆರಾಸಿಲ್ ನಕ್ಕ. ಬೆಳಗಾಗುವಷ್ಟರಲ್ಲಿ ಜ್ವರ ಇಳಿದಿತ್ತು. ಎದ್ದು ಕೂತು ಎರಡು ಬಟ್ಟಲು ಸೂಪು ಕುಡಿದ. ಮೇಷ್ಟ್ರು ಸ್ನಾನಕ್ಕೆ ಹೋದ ಹೊತ್ತು ನೋಡಿ ಹ್ಮಾಯಾಕ್ ಮಾಮ ಅವನ ಪಕ್ಕಕ್ಕೆ ಸರಿದ.

"ಏನಪ್ಪಾ, ನಿನಗೆ ಈ ಆಟದಿಂದ ಆಗ್ಬೇಕಾದ್ದೇನೂ ಇಲ್ಲ. ಅವನಿಗೆ ಇದು ಇಡೀ ಜೀವಮಾನ. ಎಲ್ಲಾದ್ರೂ ಸ್ವಲ್ಪ ಕಾಲು ಜಾರಿದ್ರೆ ಯಾರಿಗೆ ಗೊತ್ತಾಗುತ್ತೆ?"

ಯೆರಾಸಿಲ್ ಬಟ್ಟಲು ಕೆಳಗಿಟ್ಟ. "ನಾನೂ ಅದೇ ಅಂದ್ಕೊಂಡಿದ್ದೆ ತಾತಾ. ಅಪಾ ಇಷ್ಟೆಲ್ಲ ಮಾಡಿದ್ದಾರೆ. ಈ ಸೂಪಿಗೆ ಒಂದು ಆಟ ಹೆಚ್ಚೇನಲ್ಲ."

ಅಡುಗೆಮನೆಯಲ್ಲಿ ಸದ್ದು ನಿಂತಿತು. ವಾರ್ಸೆನಿಕ್ ಅಜ್ಜಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಏನಂದೆ? ಸೂಪಿಗೆ?"

"ಅಪಾ, ನಾನು..."

"ನನ್ನ ಮನೇಲಿ ತಿಂದಿದ್ದಕ್ಕೆ ಬೆಲೆ ಕಟ್ತೀಯಾ ನೀನು? ಇದೇನು ಹೋಟ್ಲಾ? ನಿನ್ನ ಬೆನ್ನು ತಿಕ್ಕಿದ್ದು ಆಟ ಕೊಂಡ್ಕೊಳ್ಳೋದಕ್ಕಾ? ತಗಡಿನ ಮನೇಲಿದ್ದಾಗ್ಲೂ ನನ್ನ ಬಾಗಿಲಿಗೆ ಬಂದೋರ ಹತ್ರ ನಾನು ಏನೂ ಇಸ್ಕೊಂಡಿಲ್ಲ!" ಆಮೇಲೆ ಸೌಟು ಕ್ಷೌರಿಕನ ಕಡೆ ತಿರುಗಿತು. "ಹ್ಮಾಯಾಕ್, ನಿನ್ನ ಬಿಳೀ ಗಡ್ಡಕ್ಕಾದ್ರೂ ನಾಚಿಕೆ ಬೇಡ್ವೇನೋ? ನನ್ನ ಮಗ ಭಿಕ್ಷೆ ಬೇಡ್ತಿದ್ದಾನಾ?"

"ಅಯ್ಯೋ ವಾರ್ಸೆನಿಕ್ ಜಾನ್, ನನ್ನಮ್ಮಾ, ತಮಾಷೆಗೆ ಅಂದೆ ಕಣೇ."

"ನಿನ್ನ ತಮಾಷೆ ನಿನ್ನ ಅಂಗಡೀಲಿಟ್ಕೋ!"

ಅಜ್ಜಿ ಒಂದು ಲವಾಶ್ ರೊಟ್ಟಿ ತಂದು ಹುಡುಗನ ಮುಂದೆ ಹಾಸಿದಳು. "ಇದರ ಮೇಲೆ ಕೈಯಿಡು. ಮೈಯಲ್ಲಿರೋ ಶಕ್ತಿಯೆಲ್ಲ ಹಾಕಿ ಆಡ್ತೀನಿ ಅಂತ ಹೇಳು."

ನಮ್ಮಲ್ಲಿ ರೊಟ್ಟಿ ಮುಟ್ಟಿ ಹೇಳಿದ್ದನ್ನು ಯಾರೂ ಮುರಿಯುವುದಿಲ್ಲ. ಅವರಲ್ಲೂ ಹಾಗೆಯೇ ಅಂತೆ. ಯೆರಾಸಿಲ್ ಕೈಯಿಟ್ಟು ಹೇಳಿದ. ಅಷ್ಟರಲ್ಲಿ ತಲೆ ಒರೆಸಿಕೊಳ್ಳುತ್ತಾ ಬಂದ ಮೇಷ್ಟ್ರು ಬಾಗಿಲಲ್ಲೇ ನಿಂತು ಎಲ್ಲ ಕೇಳಿದ್ದರು.

"ಆಯ್ತಮ್ಮಾ" ಎಂದರು. "ನನ್ನ ಪಾಲಿಗೆ ಒಳ್ಳೇ ಕೆಲಸ ಮಾಡಿದೆ. ಈಗ ಇವನು ನನ್ನ ಚರ್ಮ ಸುಲೀತಾನೆ."

ಆಟ ಶುರುವಾಗುವ ಹೊತ್ತಿಗೆ ಅರ್ಧ ಬಡಾವಣೆ ಚೆಸ್ ಭವನದಲ್ಲಿತ್ತು. ಅಜ್ಜಿ ಮಾತ್ರ ಬರಲಿಲ್ಲ. "ಇಬ್ಬರೂ ನನ್ನ ಮನೆಯೋರು, ಯಾರಿಗೆ ಅಂತ ಹರಸ್ಲಿ?" ಎಂದು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಕೂತಳು.

ಯೆರಾಸಿಲ್ ಮಾತಿಗೆ ತಪ್ಪಲಿಲ್ಲ. ಮೇಷ್ಟ್ರು ಒಂದು ಕಾಲಾಳನ್ನು ಕೊನೆಯ ಮನೆಗೆ ಒಂದೇ ಹೆಜ್ಜೆ ಉಳಿಯುವವರೆಗೆ ತಂದರು. ಅದು ದಾಟಿ ರಾಣಿಯಾದರೆ ಆಟ ಮುಗಿದಂತೆ. ಆದರೆ ಹುಡುಗನ ರಾಣಿ ಹಾವಿನಂತೆ ಮೇಲೆ ಬಿದ್ದಿತು. ಚೆಕ್. ರಾಜ ಮೂಲೆಗೆ ಸರಿದ. ಮತ್ತೆ ಚೆಕ್. ರಾಜ ವಾಪಸು ಬಂದ. ಮೂಲೆಯಲ್ಲೇ ಹೀಗೆ ಆಚೆ ಈಚೆ ಆಡಿದರೆ ಡ್ರಾ, ಯಾವ ಅಪಾಯವೂ ಇಲ್ಲ. ಬಯಲಿಗೆ ಬಂದರೆ ಗೆಲುವಿನ ದಾರಿ ಒಂದಿದ್ದರೂ ಇರಬಹುದು. ಒಂದು ಹೆಜ್ಜೆ ತಪ್ಪಿದರೆ ಅಲ್ಲೇ ಸಾವು.

ಮೇಷ್ಟ್ರ ಬಲಗೈ ಮೇಜಿನಿಂದ ಮೇಲೆದ್ದಿತು. ಡ್ರಾ ಕೇಳುವಾಗ ಏಳುವ ಕೈ ಅದೇ ಎಂದು ನಮಗೆಲ್ಲ ಗೊತ್ತಿತ್ತು. ನನ್ನ ಪಕ್ಕದಲ್ಲಿ ಹ್ಮಾಯಾಕ್ ಮಾಮ ಕಣ್ಣು ಮುಚ್ಚಿಕೊಂಡು ಪಿಸುಗುಟ್ಟಿದ: "ಒಲೆ ಪಕ್ಕದಿಂದ ಏಳೋ ಮಗನೇ, ಎದ್ದೇಳು."

ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕೆಳಗಿಳಿದು ರಾಜನನ್ನು ಹಿಡಿದು ಮೂಲೆಯಿಂದ ಹೊರಗಿಟ್ಟಿತು.

ಚೆಕ್. ರಾಜ ಇನ್ನೊಂದು ಹೆಜ್ಜೆ ಮುಂದೆ. ಚೆಕ್. ಇನ್ನೂ ಮುಂದೆ. ಹವಾಯಿ ಚಪ್ಪಲಿ ಹಾಕಿಕೊಂಡು ಬ್ರೆಡ್ ತರಲು ಹೊರಟವನ ಹಾಗೆ ರಾಜ ಹಲಗೆಯ ನಟ್ಟನಡುವೆ ನಡೆದು ಹೋದ. ಹಿಂದಿನ ಸಾಲಿನಲ್ಲಿದ್ದ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ತಡೆಯಲಾರದೆ "ಮೇಷ್ಟ್ರೇ, ಬೀದಿ!" ಎಂದು ಕಿರುಚಿ, ತೀರ್ಪುಗಾರರ ಕೈಲಿ ಬೈಸಿಕೊಂಡಳು. ರಾಜ ಬೀದಿ ದಾಟಿ, ಶತ್ರುವಿನ ಕಾಲಾಳಿನ ಬೆನ್ನಿಗೇ ಹೋಗಿ ನಿಂತ. ಅಲ್ಲಿಗೆ ರಾಣಿಯ ಯಾವ ಚೆಕ್ಕೂ ಮುಟ್ಟುವಂತಿರಲಿಲ್ಲ.

ಯೆರಾಸಿಲ್ ಹಲಗೆಯನ್ನು ಬಹಳ ಹೊತ್ತು ನೋಡಿದ. ಎಲ್ಲಾದರೂ ಒಂದು ಸಂದಿ ಇದೆಯೇ ಎಂದು ನಿಜವಾಗಿಯೇ ಹುಡುಕಿದ. ಇರಲಿಲ್ಲ. ಗಡಿಯಾರ ನಿಲ್ಲಿಸಿ ಸೋಲೊಪ್ಪಿಕೊಂಡು, ಎದ್ದು ನಿಂತು, ಎರಡೂ ಕೈಯಿಂದ ಮೇಷ್ಟ್ರ ಕೈ ಹಿಡಿದ.

"ರೊಟ್ಟಿ ಮೇಲಾಣೆ ಅಣ್ಣಾ, ಒಂದು ಚೂರೂ ಬಿಟ್ಟುಕೊಟ್ಟಿಲ್ಲ."

"ಗೊತ್ತು ಕಣೋ. ಅಂಗಿ ನೋಡು, ಹಿಂಡಿದ್ರೆ ನೀರು ಬರುತ್ತೆ."

ಆಮೇಲಿನ ಗಲಾಟೆ ನಿಮ್ಮ ಕಿಟಕಿಗೂ ಕೇಳಿರಬೇಕು. ಹ್ಮಾಯಾಕ್ ಮಾಮ ಭವನದ ಮೆಟ್ಟಿಲ ಮೇಲೆ ನಿಂತು, ಕಂಡವರಿಗೆಲ್ಲ "ಉಳಿದ ಕಾಲು ಭಾಗವೂ ಬಂತು!" ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ. ಮನೆಯಲ್ಲಿ ಅಜ್ಜಿ ಮಗನನ್ನು ಅಪ್ಪಿಕೊಂಡಳು, ಕೆನ್ನೆ ಎರಡಕ್ಕೂ ಮುತ್ತಿಟ್ಟಳು, ಆಮೇಲೆ ಹಿಂದೆ ನಿಂತ ಹುಡುಗನನ್ನು ಕಂಡು ಗದರಿದಳು.

"ಈ ಮಗು ಬೆಳಗಿನ ಸೂಪಾದ್ಮೇಲೆ ಏನಾದ್ರೂ ತಿಂದಿದ್ಯಾ ಇಲ್ವಾ? ಗೆದ್ದ ಗಡಿಬಿಡೀಲಿ ಅದೂ ಮರೆತ್ಯಾ ಜಿರಾಯರ್?"

ಅಂಗಳದಲ್ಲಿ ಮೇಜು ಹಾಕಿದರು. ಕುರಿಮಾಂಸವನ್ನು ಕೆಂಡದ ಮೇಲೆ ಸುಟ್ಟರು. ಮೊದಲ ವೋಡ್ಕಾ ಬಟ್ಟಲನ್ನು ಮೇಷ್ಟ್ರು ಯೆರಾಸಿಲ್ ಹೆಸರಿನಲ್ಲೇ ಎತ್ತಿದರು. ಅಷ್ಟರಲ್ಲಿ ಶಾಲೆಯ ಹೆಡ್‌ಮೇಡಂ ಫೋನು ಮಾಡಿ, ನಾಳೆ ಬರಬೇಡಿ, ಆರಾಮ ಮಾಡಿ, ಚೆಸ್ ತರಗತಿ ರದ್ದು ಮಾಡುತ್ತೇನೆ ಎಂದಳು.

"ಬೇಡ ಮೇಡಂ, ರದ್ದು ಮಾಡ್ಬೇಡಿ" ಎಂದರು ಮೇಷ್ಟ್ರು. "ಮೂರನೇ ಕ್ಲಾಸಿನೋರು ನನ್ನ ಹತ್ರ ಜಗಳ ಆಡೋಕೆ ಕಾಯ್ತಿರ್ತಾರೆ. ಬರ್ತೀನಿ."

ಫೋನಿಟ್ಟರು. ಮೇಜಿನ ಗದ್ದಲದಿಂದ ಮೆಲ್ಲಗೆ ಎದ್ದು ಮೇಲೆ ಹೋದರು. ಒದ್ದೆ ಅಂಗಿ ಬಿಚ್ಚಿ, ಬಚ್ಚಲಲ್ಲಿ ಸೋಪು ಹಾಕಿ ತಿಕ್ಕಿ, ಬಾಲ್ಕನಿಯ ತಂತಿಯ ಮೇಲೆ ಒಣಹಾಕಿದರು.