ಗುಂಡಿಯಂಥ ಶೆಲ್ಲು

ಅಳಿಯ ಸಾಯುವ ಮೊದಲೇ ಅವನ ಕುಣಿಯುವ ಮಷೀನು ಕೆಟ್ಟಿತ್ತು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮಗಳ ಗೆಳತಿಯರು ಮಷೀನು ಕೆಡಿಸಿದ್ದು ಈ ಮುದುಕಿ ಅಂತ ತಿಳಿದಿದ್ದಾರೆ. ಮಷೀನು ನಾನು ಕೆಡಿಸಲಿಲ್ಲ. ನಾನು ಕೆಡಿಸಿದ್ದು ಬೇರೆ.

ನಮ್ಮ ಮನೆ ಅಮೆರಿಕದ ಲಿವೋನಿಯಾ ಊರಲ್ಲಿ. ಆ ಮಷೀನು ಬೇಸ್‌ಮೆಂಟಿನಲ್ಲಿ ಅರ್ಧ ಜಾಗ ತಿಂದು ನಿಂತಿದೆ. ಮೇಲೆ ಟೀವಿ, ಕೆಳಗೆ ಕಬ್ಬಿಣದ ಕಟ್ಟೆ, ಕಟ್ಟೆಯ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಬಾಣ. ಹಾಡು ಹತ್ತಿದರೆ ಟೀವಿಯೊಳಗೆ ಬಾಣಗಳು ಏರಿ ಬರುತ್ತವೆ. ಯಾವ ಬಾಣ ಬಂತೋ ಅದನ್ನು ಕಾಲಲ್ಲಿ ತುಳಿಯಬೇಕು. ಅಷ್ಟೇ ಆಟ. ಶಿಕಾಗೋ ಕಡೆ ಒಂದು ಆಟದ ಅಂಗಡಿ ಮುಚ್ಚುವಾಗ ಅಳಿಯ ಬಾಡಿಗೆ ಟ್ರಕ್ಕಿನಲ್ಲಿ ಹೇರಿಕೊಂಡು ಬಂದಿದ್ದ. ಐವತ್ತರ ಹತ್ತಿರದ ಗಂಡಸು, ಆಫೀಸಿನಿಂದ ಬಂದವನೇ ಚಡ್ಡಿ ಹಾಕಿಕೊಂಡು ಅದರ ಮೇಲೆ ಹತ್ತುತ್ತಿದ್ದ. ಮೇಲೆ ಅಡಿಗೆಮನೆಯಲ್ಲಿ ನನ್ನ ತಾಟು ಲೋಟ ನಡುಗುತ್ತಿದ್ದವು. ಒಮ್ಮೆ ಮೆಟ್ಟಿಲ ಮೇಲೆ ನಿಂತು ಕೇಳಿದ್ದೆ, ಅಳಿಯಂದ್ರ, ನೆಲದಾಗಿಂದ ಯಾರನ್ನ ಎಬ್ಬಸಾಕ ಹತ್ತೀರಿ ಅಂತ. ಅವನು ಇಲ್ಲೇ ಹುಟ್ಟಿದವನು, ಕನ್ನಡ ನನ್ನ ಒಬ್ಬಳ ಹತ್ತಿರ ಮಾತ್ರ ಆಡುತ್ತಿದ್ದ, ಅದೂ ಎಣಿಸಿ ಎಣಿಸಿ. ಡಾಕ್ಟರ್ ಎಕ್ಸರ್‌ಸೈಜ್ ಹೇಳಿದಾರೆ ಅತ್ತೆ, ಅಂದ.

ಆಬರ್ನ್ ಹಿಲ್ಸ್‌ನಲ್ಲಿ ಆಫೀಸಿನ ಪಾರ್ಕಿಂಗಿನಲ್ಲಿ ಅವನ ಎದೆ ನಿಂತಿತು. ದಿನಾ ಕುಣಿದವನ ಎದೆ.

ಅದಕ್ಕೂ ಎರಡು ತಿಂಗಳ ಮುಂಚೆ ಮಷೀನು ನಿಂತಿತ್ತು. ಹಾಡಿನ ಡಿಸ್ಕು ಓದುವ ಭಾಗ ಸವೆದಿತ್ತು. ರಿಪೇರಿ ಮಾಡಿಸುತ್ತೇನೆ ಅನ್ನುತ್ತಲೇ ಹೋದ. ಕರ್ಮ ಎಲ್ಲ ಮುಗಿದ ಮೇಲೆ ಮಗಳು ಅದರ ಹಿಂದಿನ ಹಲಗೆ ಬಿಚ್ಚಿ ಕೂತಳು. ಅವಳಿಗೆ ಬೇಕಾದದ್ದು ಆಟ ಅಲ್ಲ. ಯಾರೂ ಆಡದೆ ಬಿಟ್ಟಾಗ ಟೀವಿಯಲ್ಲಿ ಒಂದು ಪಟ್ಟಿ ಬರುತ್ತಿತ್ತು, ಯಾವ ಹಾಡಿಗೆ ಯಾರು ಮೊದಲು ಅಂತ. ಎಲ್ಲ ಹಾಡಿಗೂ ಅವನೇ. ಹೆಸರಿಗೆ ಮೂರೇ ಅಕ್ಷರ. ನನಗೆ ಇಂಗ್ಲಿಷ್ ಬರುವುದಿಲ್ಲ, ಆದರೂ ಗುರುತಿತ್ತು: ಒಂದು ಏಣಿಯ ಮೆಟ್ಟಿಲು, ಒಂದು ಗುಡಾರ, ಒಂದು ಕೋಲು. ಆ ಪಟ್ಟಿಯ ಫೋಟೋ ಯಾರೂ ತೆಗೆದಿರಲಿಲ್ಲ. ಮಗಳಿಗೆ ಅದು ಒಮ್ಮೆ ನೋಡಬೇಕಿತ್ತು, ಇಟ್ಟುಕೊಳ್ಳಬೇಕಿತ್ತು. ಅವನ ಅಂಗಿ, ಬೂಟು ಎಲ್ಲ ಕೊಟ್ಟುಬಿಟ್ಟಿದ್ದಳು, ಇದೊಂದನ್ನೇ ಕೇಳಿದ್ದು.

ಶಿಕಾಗೋದ ಡೆವನ್ ಅವೆನ್ಯೂ ಹತ್ತಿರ ಇರುವ ಮೈಸೂರ ಕಡೆಯವನೊಬ್ಬ ಸಿಕ್ಕ. ರಜೆ ದಿನ ಇಂಥ ಮಷೀನುಗಳ ಹೊಟ್ಟೆ ಖಾಲಿ ಮಾಡಿ ಮನೆಯ ಕಂಪ್ಯೂಟರು ಕೂರಿಸುವುದು ಅವನ ಹುಚ್ಚು. ಟೀವಿ ಅದೇ, ಬಾಣ ಅವೇ, ತಲೆ ಮಾತ್ರ ಬೇರೆ. ಒಳಗಿನ ಹಳೆಯ ಬೋರ್ಡು ಇನ್ನು ಬಾಳುವುದಿಲ್ಲ ಅಂದ. ಆದರೆ ಕೀಳುವ ಮುಂಚೆ ಒಂದು ಸಲ ಅದನ್ನೇ ಏಳಿಸುತ್ತೇನೆ, ಪಟ್ಟಿಯ ಫೋಟೋ ತೆಗೆದುಕೊಳ್ಳಿ, ಶನಿವಾರ ಬರುತ್ತೇನೆ, ಅಷ್ಟರಲ್ಲಿ ಯಾವ ವೈರು ಎಲ್ಲಿಗೆ ಹೋಗುತ್ತದೆ ಗುರುತು ಮಾಡಿಡಿ ಅಂತ ಫೋನಿನಲ್ಲಿ ಹೇಳಿದ.

ಆ ಗುರುತಿನ ಕೆಲಸ ನನಗೆ ಬಂತು. ಮಗಳು ಅಂಟಿಸಿದ ಚೀಟಿಗಳು ಧೂಳಿಗೆ ಉದುರುತ್ತಿದ್ದವು. ನಾನು ನೇಕಾರರ ಮನೆಯವಳು. ಮಗ್ಗದ ಮೇಲೆ ಹಳೆಯ ಹಾಸು ಮುಗಿದಾಗ ಅದರ ಒಂದೊಂದು ಎಳೆಗೆ ಹೊಸ ಹಾಸಿನ ಒಂದೊಂದು ಎಳೆ ಹೊಸೆದು ಕೂಡಿಸುತ್ತೇವೆ. ಕೆಚ್ಚುವುದು ಅನ್ನುತ್ತೇವೆ. ಒಂದು ಎಳೆ ತಪ್ಪಿದರೆ ಸೀರೆ ಪೂರ್ತಿ ತಪ್ಪು. ಮದುವೆಗೆ ಮುಂಚೆಯಿಂದ ಮಾಡಿದ ಕೆಲಸ. ಜಂಪರು ಹೊಲಿಯುವ ದಾರ ತೆಗೆದು ಪ್ರತಿ ವೈರಿನ ತುದಿಗೂ ಅದು ಸೇರುವ ಜಾಗಕ್ಕೂ ಒಂದೇ ಬಣ್ಣ ಕಟ್ಟುತ್ತ ಮೂರು ದಿನ ಆ ಮಷೀನಿನ ಹಿಂದೆ ಕೂತೆ.

ಮೂರನೆಯ ದಿನ ಬೋರ್ಡಿನ ಮೂಲೆಯಲ್ಲಿ ಕೋಟಿನ ಗುಂಡಿಯಂಥದೊಂದು ಶೆಲ್ಲು ಕಂಡಿತು.

ನಮ್ಮ ಮನೆಯಲ್ಲಿ ಸುಮ್ಮನೆ ಕೂತ ಸಾಮಾನಿನಲ್ಲಿ ಶೆಲ್ಲು ಬಿಡುವುದಿಲ್ಲ. ರೇಡಿಯೋ, ಟಾರ್ಚು, ಯಾವುದೇ ಇರಲಿ, ಬಳಸದಿದ್ದರೆ ತೆಗೆದಿಡಬೇಕು. ಬಿಟ್ಟರೆ ನೀರೊಡೆದು ತಗಡು ತಿನ್ನುತ್ತದೆ. ನನ್ನ ಗಂಡನ ರೇಡಿಯೋ ಹಾಗೇ ಹೋಯಿತು, ಅದಕ್ಕೆ ನಾನು ತಿಂದ ಏಟು ನನಗೆ ನೆನಪಿದೆ. ಇಲ್ಲೂ ರಿಮೋಟಿಂದ ತೆಗೆದು ತೆಗೆದು ಮಗಳ ಹತ್ತಿರ ಬೈಸಿಕೊಂಡಿದ್ದೇನೆ. ತಲೆಪಿನ್ನಿನಿಂದ ಎಬ್ಬಿಸಿದೆ, ಬಂತು. ದಾರದ ಡಬ್ಬಿಯಲ್ಲಿ ಹಾಕಿಟ್ಟೆ. ಮಷೀನು ಉಳಿಸಿದೆ ಅಂದುಕೊಂಡೆ.

ಶನಿವಾರ ಆ ಮೈಸೂರ ಕಡೆಯವನು ಐದು ತಾಸು ಡ್ರೈವ್ ಮಾಡಿಕೊಂಡು ಬಂದ. ಡಿಸ್ಕು ಓದುವ ಭಾಗ ಬದಲಿಸಿ ಕರೆಂಟು ಕೊಟ್ಟ. ದೀಪ ಹತ್ತಿತು, ಹಾಡು ಬಂತು. ಮಗಳು ಫೋನು ಎತ್ತಿ ಹಿಡಿದು ನಿಂತಳು. ಪಟ್ಟಿ ಬಂತು. ಗುಡಾರ, ಗುಡಾರ, ಗುಡಾರ. ಮುಂದಿನ ಹಾಡಿಗೂ ಅದೇ. ಅದರ ಮುಂದಿನದಕ್ಕೂ. ಫ್ಯಾಕ್ಟರಿಯಿಂದ ಬಂದಾಗ, ಯಾರೂ ಆಡುವ ಮುಂಚೆ, ಪಟ್ಟಿ ಹೀಗೇ ಇರುತ್ತದಂತೆ.

ಅವನು ಹಿಂದೆ ಹೋಗಿ ಬೆಳಕು ಬಿಟ್ಟು ನೋಡಿದ. "ಇಲ್ಲಿದ್ದ ಬ್ಯಾಟರಿ ಯಾರು ತೆಗೆದ್ರು?"

ನಾನು ತೆಗೆದೆ ಅಂದೆ. ಡಬ್ಬಿ ತಂದು ಕೊಟ್ಟೆ. ಹಾಕಿ ನೋಡಿದ, ಹಳೆಯ ಹೆಸರು ಒಂದೂ ಬರಲಿಲ್ಲ. ಕರೆಂಟು ಇಲ್ಲದಾಗ ಬೋರ್ಡಿನ ನೆನಪೆಲ್ಲ ಆ ಗುಂಡಿಯ ಮೇಲೇ ಇರುತ್ತದೆ ಅಮ್ಮ, ಒಮ್ಮೆ ತೆಗೆದರೆ ಮುಗಿಯಿತು, ಅಂತ ಮೆತ್ತಗೆ ಹೇಳಿದ.

"ನಾ ಏನ್ ಹೇಳಿದ್ದೆ ನಿನಗ?" ಮಗಳು ಕೇಳಿದಳು.

"ದಾರ ಕಟ್ಟು, ಬ್ಯಾರೆ ಏನೂ ಮುಟ್ಟಬ್ಯಾಡ ಅಂದಿದ್ದಿ."

"ಮತ್ತ?"

ಅವಳು ಮೇಲೆ ಹೋದಳು.

ಬಂದವನು ಎರಡು ದಿನ ಕೆಲಸ ಮಾಡಿದ. ನನ್ನ ದಾರ ನೋಡಿಕೊಂಡೇ ವೈರು ಕೂಡಿಸಿದ, ಒಂದೂ ತಪ್ಪಿಲ್ಲ ಅಂದ. ಹಳೆಯ ಬೋರ್ಡು ಪೆಟ್ಟಿಗೆಗೆ ಹೋಯಿತು, ಶೆಲ್ಲು ನನ್ನ ಕೈಗೆ ಬಂತು. ಕಂಪ್ಯೂಟರು ಏಳಿಸಿ ಮಗಳನ್ನು ಕರೆದ. ಈಗ ಸ್ಕೋರ್ ಅನ್ನುವುದೂ ಒಂದು ಫೈಲು ಮೇಡಂ, ಅವರ ಹೆಸರು, ನಿಮಗೆ ನೆನಪಿದ್ದ ನಂಬರು ಹೇಳಿ, ಟೈಪ್ ಮಾಡಿ ಕೂರಿಸುತ್ತೇನೆ ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ.

"ಬ್ಯಾಡ್ರಿ," ಅಂದಳು ಮಗಳು. "ಅದು ನೀವು ಬರೆದಂಗ ಆಗ್ತದ. ಅವರು ಕುಣಿದಂಗ ಆಗಂಗಿಲ್ಲ."

ಕಾಲಲ್ಲಿ ಒಂದೊಂದು ಬಾಣ ಒತ್ತಿ ನೋಡಿದಳು. ನಾಲ್ಕೂ ಹತ್ತಿದವು. ಆಫ್ ಮಾಡಿದಳು. ಅವತ್ತಿನಿಂದ ಅದರ ಮೇಲೆ ಯಾರೂ ನಿಂತಿಲ್ಲ. ಪಟ್ಟಿ ಖಾಲಿ ಇದೆ. ನನ್ನ ಜೊತೆ ಅವಳ ಮಾತು ಊಟಕ್ಕೆ, ಗುಳಿಗೆಗೆ ಅಷ್ಟೇ ಉಳಿಯಿತು. ತಿಂಗಳು, ಎರಡು ತಿಂಗಳು. ನಾನು ತಪ್ಪಾಯಿತು ಅಂದೆ. ಅದಕ್ಕೆ ಹೂಂ ಅಂದಳು.

ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಕಾರಿನ ಕೀಲಿ ಕೆಲಸ ಮಾಡಲಿಲ್ಲ. ಅವಳು ಅದನ್ನು ಬಿಚ್ಚಿ ಹಿಡಿದುಕೊಂಡು ನನ್ನ ಮುಂದೆ ನಿಂತಳು. ಒಳಗೆ ಗುಂಡಿಯಂಥದೇ ಶೆಲ್ಲು.

"ಅವ್ವಾ, ಆ ಶೆಲ್ಲು ಐತೇನು?"

ಡಬ್ಬಿಯಿಂದ ತೆಗೆದು ಕೊಟ್ಟೆ. ಅಳತೆ ಕೂತಿತು. ಕಿಟಕಿಯ ಆಚೆ ಕಾರು ಕುಂಯ್ ಅಂತು, ದೀಪ ಮಿಟುಕಿತು.

"ಇದರಾಗ ಇನ್ನೂ ಜೀವ ಐತಿ," ಅಂದಳು. ಕೆಲಸಕ್ಕೆ ಹೋದಳು.

ಹದಿನೈದು ದಿನ ನಡೆಯಿತು. ಆಮೇಲೆ ಅದೂ ಸತ್ತಿತು. ಅವಳು ಹೊಸದು ತಂದು ಹಾಕಿಕೊಂಡಳು, ಹಳೆಯದನ್ನು ಒಲೆಯ ಪಕ್ಕ ಕಟ್ಟೆಯ ಮೇಲೆ ಇಟ್ಟಳು. ಒಗೆಯಲೋ ಇಡಲೋ ನನಗೆ ತಿಳಿಯಲಿಲ್ಲ. ಎರಡು ದಿನ ಅಲ್ಲೇ ಇತ್ತು. ಮೂರನೆಯ ದಿನ ಕಸದ ಬುಟ್ಟಿಗೆ ಒಗೆದೆ.